ಅಪ್ಪನಿಗೋ ಅಮ್ಮನಿಗೋ ಕರುಳಿನ ಕ್ಯಾನ್ಸರ್ ಅಂದಾಗ: ಕೋಲಾರದ ಮಕ್ಕಳಿಗೊಂದು ಸಮಗ್ರ ಮಾರ್ಗದರ್ಶಿ

ನಮ್ಮ ಕಡೆ ದೊಡ್ಡ ಕರುಳಿನ ಕ್ಯಾನ್ಸರ್ ಎಷ್ಟೋ ಮನೆಗಳಿಗೆ ಮೂಲವ್ಯಾಧಿ ಅನ್ನುವ ಹೆಸರಲ್ಲೇ ಬರುತ್ತದೆ. ಮಲದಲ್ಲಿ ರಕ್ತ ಕಂಡರೆ ಮೊದಲು ಮೆಡಿಕಲ್ ಶಾಪಿನ ಮುಲಾಮು. ಆಮೇಲೆ ಯಾರೋ ಹೇಳಿದ ಬೇರಿನ ಔಷಧಿ. ಸುಸ್ತು ಜಾಸ್ತಿಯಾಗಿ, ತೂಕ ಇಳಿದು, ಹಿಮೋಗ್ಲೋಬಿನ್ ಪಾತಾಳಕ್ಕೆ ಹೋದ ಮೇಲೆ ಕೊಲೊನೋಸ್ಕೋಪಿ, ಅಂದರೆ ಕರುಳಿನೊಳಗೆ ಕ್ಯಾಮೆರಾ ಬಿಟ್ಟು ನೋಡುವ ಪರೀಕ್ಷೆ. ಅಷ್ಟರಲ್ಲಿ ಬೆಂಗಳೂರಲ್ಲಿ ಕೆಲಸದಲ್ಲಿರುವ ಮಗನೋ ಮಗಳೋ ರಜೆ ಹಾಕಿ ಊರಿಗೆ ಬಂದಿರುತ್ತಾರೆ.

ಈ ಬರಹ ಅಂಥ ಮಕ್ಕಳಿಗೆ. ಅಮ್ಮನ ಜೊತೆ ಈ ದಾರಿ ನಡೆದ ಮೇಲೆ ನನಗೆ ಗಟ್ಟಿಯಾಗಿ ಅನ್ನಿಸಿದ್ದು ಇಷ್ಟು: ಫೈಲು, ಓಡಾಟ, ಲೆಕ್ಕ ಮಕ್ಕಳದು. ಮೈ ಅವರದು, ತೀರ್ಮಾನವೂ ಅವರದೇ. ಇವೆರಡನ್ನೂ ಕಲಸಿಬಿಟ್ಟರೆ ಮನೆಯಲ್ಲಿ ಕಾಯಿಲೆಗಿಂತ ಜಗಳವೇ ದೊಡ್ಡದಾಗುತ್ತದೆ. ಚಿಕಿತ್ಸೆಯ ವಿಷಯದಲ್ಲಿ ನಿಮ್ಮ ಡಾಕ್ಟರ ಮಾತೇ ಕೊನೆ. ಇಲ್ಲಿರುವುದು ಅವರ ಹತ್ತಿರ ಏನು ಕೇಳಬೇಕು, ಮನೆಯಲ್ಲಿ ಏನು ಮಾಡಬೇಕು ಅನ್ನುವುದು.

ಮೊದಲು ಪರೀಕ್ಷೆಗಳು ಪೂರ್ತಿಯಾಗಲಿ

ಕೊಲೊನೋಸ್ಕೋಪಿಯಲ್ಲಿ ಗಡ್ಡೆ ಕಂಡರೆ ಅಲ್ಲೇ ಒಂದೆರಡು ಚೂರು ತೆಗೆದು ಬಯಾಪ್ಸಿಗೆ ಕಳಿಸುತ್ತಾರೆ. ಕ್ಯಾನ್ಸರ್ ಹೌದೋ ಅಲ್ಲವೋ ಅನ್ನುವುದನ್ನು ಹೇಳುವುದು ಆ ಬಯಾಪ್ಸಿ. ರಿಪೋರ್ಟಿನಲ್ಲಿ ‘ಅಡಿನೋಕಾರ್ಸಿನೋಮಾ’ ಅಂತ ಇದ್ದರೆ ಅದೇನೋ ಅಪರೂಪದ್ದು ಅಂತ ಗಾಬರಿ ಬೇಡ. ದೊಡ್ಡ ಕರುಳಿನ ಕ್ಯಾನ್ಸರಿನಲ್ಲಿ ಬಹುಪಾಲು ಇದೇ ಬಗೆ. ಕಾಯಿಲೆ ಎಲ್ಲೆಲ್ಲಿ ಇದೆ ನೋಡಲು ಎದೆ ಮತ್ತು ಹೊಟ್ಟೆಯ ಸಿಟಿ ಸ್ಕ್ಯಾನ್, ಜೊತೆಗೆ ಸಿಇಎ ಅನ್ನುವ ರಕ್ತಪರೀಕ್ಷೆ. ಸಿಇಎ ಒಂದನ್ನೇ ನೋಡಿ ಏನೂ ತೀರ್ಮಾನಿಸಲು ಆಗುವುದಿಲ್ಲ. ಮುಂದೆ ಚಿಕಿತ್ಸೆ ಆದಮೇಲೆ ಹೋಲಿಸಿ ನೋಡಲು ಅದು ಬೇಕು.

ಸ್ಟೇಜ್ ಅಂದರೆ ಇಷ್ಟೇ. 1ರಲ್ಲಿ ಗಡ್ಡೆ ಕರುಳಿನ ಗೋಡೆಯೊಳಗೇ ಇರುತ್ತದೆ. 2ರಲ್ಲಿ ಗೋಡೆ ದಾಟಲು ಶುರು ಮಾಡಿರುತ್ತದೆ. 3ರಲ್ಲಿ ಹತ್ತಿರದ ದುಗ್ಧ ಗ್ರಂಥಿಗಳಿಗೆ ಹೋಗಿರುತ್ತದೆ. 4 ಅಂದರೆ ಲಿವರ್, ಶ್ವಾಸಕೋಶದಂಥ ದೂರದ ಜಾಗಕ್ಕೆ ಹರಡಿದೆ ಅಂತ. ಆಪರೇಷನ್‌ಗೆ ಮುಂಚೆ ಹೇಳುವ ಸ್ಟೇಜ್ ಅಂದಾಜು. ಖಚಿತವಾಗುವುದು ತೆಗೆದ ಕರುಳನ್ನು ಲ್ಯಾಬಿನಲ್ಲಿ ನೋಡಿದ ಮೇಲೆ. ಅದಕ್ಕೇ ನೆಂಟರು ಫೋನ್ ಮಾಡಿ ‘ಎಷ್ಟನೇ ಸ್ಟೇಜು?’ ಅಂದರೆ ‘ಇನ್ನೂ ಗೊತ್ತಿಲ್ಲ’ ಅನ್ನಿ, ಅದು ನಿಜವೇ.

ಡಾಕ್ಟರ ಹತ್ತಿರ ತಪ್ಪದೆ ಕೇಳಬೇಕಾದ ಒಂದು ಪ್ರಶ್ನೆ ಇದೆ. ಗಡ್ಡೆ ಕೋಲನ್‌ನಲ್ಲಿ, ಅಂದರೆ ದೊಡ್ಡ ಕರುಳಿನ ಉದ್ದ ಭಾಗದಲ್ಲಿದೆಯಾ, ಅದರ ಕೆಳಗೆ ಗುದದ್ವಾರದ ಹತ್ತಿರದ ರೆಕ್ಟಮ್‌ನಲ್ಲಿದೆಯಾ? ಕೋಲನ್ ಆದರೆ ಸಾಮಾನ್ಯವಾಗಿ ಮೊದಲು ಆಪರೇಷನ್. ರೆಕ್ಟಮ್ ಆದರೆ ಎಂಆರ್‌ಐ ಬೇಕಾಗುತ್ತದೆ, ಎಷ್ಟೋ ಸಲ ಆಪರೇಷನ್‌ಗಿಂತ ಮುಂಚೆ ರೇಡಿಯೇಷನ್ ಕೊಡುತ್ತಾರೆ. ಪಕ್ಕದ ಮನೆಯವರ ಅನುಭವ ನಿಮಗೆ ಹೊಂದದೆ ಇರಲು ಮುಖ್ಯ ಕಾರಣ ಇದೇ.

ಪರೀಕ್ಷೆಗೆಂದು ಒಂದೆರಡು ವಾರ ಹೋದರೆ ಮುಳುಗಿಹೋಗುವುದೇನಿಲ್ಲ. ಆದರೆ ಹೊಟ್ಟೆ ಉಬ್ಬಿ, ಮಲವೂ ಇಲ್ಲ, ಗ್ಯಾಸೂ ಹೋಗುತ್ತಿಲ್ಲ, ವಾಂತಿ ಬೇರೆ ಅಂದರೆ ಕರುಳು ಕಟ್ಟಿಕೊಂಡಿರಬಹುದು. ಬೆಳಗಾಗಲಿ ಅಂತ ಕಾಯಬೇಡಿ, ಆ ರಾತ್ರಿಯೇ ಹೊರಡಿ.

ಒಂದು ದಪ್ಪ ಫೈಲ್ ತೆಗೆದುಕೊಂಡು ತಾರೀಕಿನ ಪ್ರಕಾರ ಎಲ್ಲವನ್ನೂ ಜೋಡಿಸಿ. ಪ್ರತಿ ಕಾಗದದ ಫೋಟೋ ಮೊಬೈಲಲ್ಲಿ ಇರಲಿ. ಸಿಟಿ ಸ್ಕ್ಯಾನಿನ ಸಿಡಿ ಕೇಳಿ ಪಡೆಯಿರಿ. ಬಯಾಪ್ಸಿ ಮಾಡಿದ ಲ್ಯಾಬಿನಿಂದ ಸ್ಲೈಡ್ ಮತ್ತು ಬ್ಲಾಕ್‌ಗಳನ್ನೂ (ಗಾಜಿನ ಮೇಲೂ ಮೇಣದಲ್ಲೂ ಇಟ್ಟಿರುವ ಗಡ್ಡೆಯ ಚೂರು) ಪಡೆದಿಟ್ಟುಕೊಳ್ಳಿ. ದೊಡ್ಡ ಆಸ್ಪತ್ರೆಗೆ ಹೋದಾಗ ಅವರ ಲ್ಯಾಬಿನಲ್ಲಿ ಮತ್ತೊಮ್ಮೆ ನೋಡಲು ಅವನ್ನು ಕೇಳುತ್ತಾರೆ. ಕೈಯಲ್ಲಿ ಇಲ್ಲದಿದ್ದರೆ ಅದಕ್ಕಾಗಿಯೇ ವಾಪಸ್ ಬರಬೇಕಾಗುತ್ತದೆ.

ಅವರಿಗೆ ಹೇಳುವುದು

‘ಅಪ್ಪನಿಗೆ ಹೇಳಬೇಡಿ, ಎದೆ ಒಡ್ಕೊಂಡುಬಿಡ್ತಾರೆ.’ ಮೊದಲ ದಿನವೇ ಈ ಮಾತು ಬರುತ್ತದೆ. ಹೇಳುವವರು ದೊಡ್ಡಪ್ಪನೋ ಸೋದರಮಾವನೋ ಆಗಿರುತ್ತಾರೆ. ಪ್ರೀತಿಯಿಂದಲೇ ಹೇಳುತ್ತಾರೆ. ನನ್ನ ಅಭಿಪ್ರಾಯದಲ್ಲಿ ಈ ಮಾತನ್ನು ಕೇಳಬಾರದು.

ಮೊದಲನೆಯದು, ಮುಚ್ಚಿಡಲು ಆಗುವುದಿಲ್ಲ. ಕ್ಯಾನ್ಸರ್ ಆಸ್ಪತ್ರೆಯ ಒಪಿಡಿಯಲ್ಲಿ ಪಕ್ಕದಲ್ಲಿ ಕೂತವರು ‘ನಿಮಗೆಲ್ಲಿ?’ ಅಂತ ಕೇಳಿಯೇ ಕೇಳುತ್ತಾರೆ. ಎರಡನೆಯದು, ಗೊತ್ತಾದ ಮೇಲೆ ‘ನನ್ನ ಮಕ್ಕಳೇ ನನಗೆ ಸುಳ್ಳು ಹೇಳಿದರು’ ಅನ್ನುವುದು ಉಳಿಯುತ್ತದೆ. ಆಮೇಲೆ ನೀವು ‘ರಿಪೋರ್ಟ್ ಚೆನ್ನಾಗಿದೆ’ ಅಂದರೂ ನಂಬುವುದಿಲ್ಲ. ಮೂರನೆಯದು, ಕಿಮೋ (ಕ್ಯಾನ್ಸರ್ ಕಣಗಳನ್ನು ಕೊಲ್ಲುವ ಔಷಧಿ) ತಗೊಳ್ಳುವವರಿಗೆ ಅದು ಏನು, ಯಾಕೆ ಅಂತ ಗೊತ್ತಿಲ್ಲದಿದ್ದರೆ ಜ್ವರ ಬಂದಾಗ ಬಾಯಿ ಬಿಡುವುದಿಲ್ಲ. ಇದು ಪ್ರಾಣಕ್ಕೇ ಕುತ್ತು.

ಫೋನಿನಲ್ಲಿ ಹೇಳಬೇಡಿ, ನೆಂಟರ ಮುಂದೆ ಬೇಡ, ರಾತ್ರಿ ಮಲಗುವ ಹೊತ್ತಿನಲ್ಲಿ ಬೇಡ. ಬೆಳಗ್ಗೆ ಕಾಫಿ ಆದಮೇಲೆ ಪಕ್ಕದಲ್ಲಿ ಕೂತು ಚಿಕ್ಕ ಚಿಕ್ಕ ಮಾತಲ್ಲಿ ಹೇಳಿ: ‘ಅಪ್ಪ, ಕರುಳಲ್ಲಿ ಗಡ್ಡೆ ಇದೆ ಅಂದ್ರಲ್ಲ. ಟೆಸ್ಟಲ್ಲಿ ಅದು ಕ್ಯಾನ್ಸರ್ ಅಂತ ಬಂದಿದೆ. ಡಾಕ್ಟ್ರು ಆಪರೇಷನ್ ಮಾಡಿ ತೆಗೀತೀವಿ ಅಂತಿದಾರೆ.’ ಅಲ್ಲಿಗೆ ನಿಲ್ಲಿಸಿ. ಅವರು ಸುಮ್ನೆ ಕೂತರೆ ನೀವೂ ಸುಮ್ನೆ ಕೂರಿ. ಒಮ್ಮೊಮ್ಮೆ ಮೊದಲ ಪ್ರಶ್ನೆ ‘ಹಸು ಯಾರು ನೋಡ್ಕೋತಾರೆ?’ ಅಂತಲೋ ‘ಟೊಮೆಟೊ ಕೀಳೋ ಟೈಮಲ್ಲೇ ಆಗ್ಬೇಕಿತ್ತಾ?’ ಅಂತಲೋ ಇರುತ್ತದೆ. ಅದಕ್ಕೂ ಸರಿಯಾದ ಉತ್ತರ ಕೊಡಿ. ಆ ಹೊತ್ತಿಗೆ ಅವರಿಗೆ ಅದೇ ದೊಡ್ಡ ಚಿಂತೆ.

ಕೆಲವರು ‘ನಂಗೇನೂ ಹೇಳ್ಬೇಡ, ನೀನೇ ನೋಡ್ಕೋಪ್ಪ’ ಅನ್ನುತ್ತಾರೆ. ಅದೂ ಅವರ ತೀರ್ಮಾನವೇ. ಒಪ್ಪಿಕೊಳ್ಳಿ, ಆದರೆ ದೊಡ್ಡ ಹೆಜ್ಜೆ ಇಡುವ ಮುಂಚೆ ಮತ್ತೊಮ್ಮೆ ಕೇಳಿ. ಇನ್ನೊಂದು, ಯಾರಿಗೆ ಹೇಳಬೇಕು, ಯಾರಿಗೆ ಬೇಡ ಅನ್ನುವುದನ್ನೂ ಅವರೇ ಹೇಳಲಿ. ಬೆಳಗ್ಗೆ ಡೇರಿ ಹತ್ತಿರ ಒಬ್ಬರ ಕಿವಿಗೆ ಬಿದ್ದರೆ ಸಂಜೆ ಹಾಲು ಹಾಕುವ ಹೊತ್ತಿಗೆ ಊರಿಗೆಲ್ಲ ಗೊತ್ತಾಗಿರುತ್ತದೆ.

ಯಾವ ಆಸ್ಪತ್ರೆ, ಹೋಗುವುದು ಹೇಗೆ

ಕೋಲಾರದಲ್ಲಿ ಎಸ್‌ಎನ್‌ಆರ್ ಜಿಲ್ಲಾಸ್ಪತ್ರೆ ಇದೆ. ಟಮಕದಲ್ಲಿ ದೇವರಾಜ ಅರಸು ಮೆಡಿಕಲ್ ಕಾಲೇಜಿನ ಜಾಲಪ್ಪ ಆಸ್ಪತ್ರೆ ಇದೆ. ಬೆಂಗಳೂರಿನಲ್ಲಿ 1973ರಿಂದ ನಡೆಯುತ್ತಿರುವ ಸರ್ಕಾರಿ ಕಿದ್ವಾಯಿ ಕ್ಯಾನ್ಸರ್ ಸಂಸ್ಥೆ ಮತ್ತು ಹಲವು ಖಾಸಗಿ ಆಸ್ಪತ್ರೆಗಳಿವೆ. ಆರಿಸುವಾಗ ಒಂದು ಸೂತ್ರ: ಆಪರೇಷನ್ ಕ್ಯಾನ್ಸರ್ ಆಪರೇಷನ್‌ಗಳನ್ನು ದಿನನಿತ್ಯ ಮಾಡುವ ಕಡೆ ಆಗಲಿ, ದೂರವಾದರೂ ಸರಿ. ಅದು ಒಂದು ಸಲದ ಓಡಾಟ. ಕಿಮೋ ತಿಂಗಳುಗಟ್ಟಲೆ ನಡೆಯುತ್ತದೆ, ಅದು ಆದಷ್ಟೂ ಮನೆಗೆ ಹತ್ತಿರ ಇರಲಿ. 2025ರಲ್ಲಿ ರಾಜ್ಯ ಸರ್ಕಾರ ಹಲವು ಜಿಲ್ಲಾಸ್ಪತ್ರೆಗಳಲ್ಲಿ ಡೇ ಕೇರ್ ಕಿಮೋ ಕೇಂದ್ರಗಳನ್ನು ತೆರೆಯಿತು. ‘ಮುಂದಿನ ಡೋಸುಗಳನ್ನು ನಮ್ಮ ಜಿಲ್ಲೆಯಲ್ಲೇ ತಗೋಬಹುದಾ?’ ಅಂತ ನಿಮ್ಮ ಡಾಕ್ಟರನ್ನು ಕೇಳಿ.

ಕಿದ್ವಾಯಿಗೆ ಮೊದಲ ಸಲ ಹೋಗುವಾಗ ಇಬ್ಬರು ಜೊತೆಗಿರಿ. ಒಬ್ಬರು ಸಾಲಿನಲ್ಲಿ ನಿಲ್ಲಲು, ಒಬ್ಬರು ಅವರ ಪಕ್ಕ ಕೂರಲು. ಬೆಳಗ್ಗೆ ಬೇಗ ತಲುಪಿ. ಮೊದಲ ದಿನ ಹೆಸರು ಬರೆಸಿ, ಫೈಲ್ ಮಾಡಿಸಿ, ಡಾಕ್ಟರನ್ನು ಕಂಡರೆ ಅಷ್ಟೇ ದೊಡ್ಡದು.

ಕೋಲಾರದಿಂದ ಬೆಂಗಳೂರು ಎಪ್ಪತ್ತು ಕಿಲೋಮೀಟರಿನ ಆಸುಪಾಸು, ಅದೇನು ಮಹಾ ಅನ್ನಿಸುತ್ತದೆ. ಆದರೆ ಕರುಳಿನ ಕಾಯಿಲೆಯವರಿಗೆ ದೂರದ ಲೆಕ್ಕ ಬೇರೆ. ಅವರ ತಲೆಯಲ್ಲಿ ಓಡುವುದು ಒಂದೇ, ಮಧ್ಯದಲ್ಲಿ ಅವಸರವಾದರೆ ಎಲ್ಲಿ? ಇದನ್ನು ಬಾಯಿಬಿಟ್ಟು ಹೇಳುವುದಿಲ್ಲ. ಹಿಂದಿನ ರಾತ್ರಿಯಿಂದ ಊಟ ಬಿಟ್ಟು, ನೀರು ಬಿಟ್ಟು ಕೂರುತ್ತಾರೆ, ಆಸ್ಪತ್ರೆಯಲ್ಲಿ ತಲೆ ಸುತ್ತಿ ಬೀಳುತ್ತಾರೆ. ಕಾರು ಸಿಕ್ಕರೆ ಕಾರೇ ವಾಸಿ, ನರಸಾಪುರ, ಹೊಸಕೋಟೆ ಹತ್ತಿರ ಹೋಟೆಲಿನಲ್ಲಿ ನಿಲ್ಲಿಸಬಹುದು. ಬಂಗಾರಪೇಟೆಯಿಂದ ಎಕ್ಸ್‌ಪ್ರೆಸ್ ರೈಲಿನಲ್ಲಾದರೆ ಶೌಚಾಲಯ ಇರುತ್ತದೆ. ಬಸ್ಸೇ ಗತಿ ಅಂದರೆ ದೊಡ್ಡವರ ಡಯಾಪರ್, ಒಂದು ಜೊತೆ ಬಟ್ಟೆ, ಹಳೇ ಟವೆಲ್, ಪ್ಲಾಸ್ಟಿಕ್ ಕವರ್ ಒಂದು ಚೀಲದಲ್ಲಿರಲಿ. ‘ಇದೆಲ್ಲ ಇದೆ, ಯೋಚನೆ ಬೇಡ’ ಅಂತ ಹೊರಡುವ ಮುಂಚೆ ಹೇಳಿಬಿಡಿ. ಅಮ್ಮನಾದರೆ ಶಕ್ತಿ ಯೋಜನೆಯಲ್ಲಿ ಸಾಮಾನ್ಯ ಸಾರಿಗೆ ಬಸ್ಸಿಗೆ ಟಿಕೆಟ್ ದುಡ್ಡಿಲ್ಲ, ಆಧಾರ್ ಜೊತೆಗಿರಲಿ.

ದುಡ್ಡು, ಕಾಗದ

ಸ್ಟೇಜ್ ಗೊತ್ತಾಗುವ ಮುಂಚೆ, ಆಸ್ಪತ್ರೆಯ ಅಂದಾಜು ಪಟ್ಟಿ ಕೈಗೆ ಬರುವ ಮುಂಚೆ ಜಮೀನು ಮಾರುವ ಮಾತು, ಬಡ್ಡಿ ಸಾಲದ ಮಾತು ಬೇಡವೇ ಬೇಡ.

2018ರಿಂದ ಇರುವ ಆಯುಷ್ಮಾನ್ ಭಾರತ್ – ಆರೋಗ್ಯ ಕರ್ನಾಟಕ ಯೋಜನೆಯಲ್ಲಿ ಬಿಪಿಎಲ್ ಕಾರ್ಡಿನ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷ ರೂಪಾಯಿವರೆಗೆ ಚಿಕಿತ್ಸೆ ಸಿಗುತ್ತದೆ. ಎಪಿಎಲ್ ಆದರೆ ಸರ್ಕಾರ ನಿಗದಿ ಮಾಡಿದ ಪ್ಯಾಕೇಜ್ ದರದ ಶೇ. 30ರಷ್ಟು, ವರ್ಷಕ್ಕೆ 1.5 ಲಕ್ಷದವರೆಗೆ. ಇದು ಅಡ್ಮಿಟ್ ಆಗುವ ಮುಂಚೆಯೇ ಮಂಜೂರಾಗಬೇಕು. ಬಿಲ್ ಕಟ್ಟಿ ಆಮೇಲೆ ಕೇಳಿದರೆ ಕಷ್ಟ. ಆಸ್ಪತ್ರೆಗೆ ಕಾಲಿಟ್ಟ ಕೂಡಲೇ ‘ಆರೋಗ್ಯ ಮಿತ್ರ ಎಲ್ಲಿ ಕೂರ್ತಾರೆ?’ ಅಂತ ಕೇಳಿ, ಅವರೇ ದಾರಿ ತೋರಿಸುವವರು. ಖಾಸಗಿ ಆಸ್ಪತ್ರೆಗಾದರೆ ಸರ್ಕಾರಿ ಆಸ್ಪತ್ರೆಯ ರೆಫರಲ್ ಪತ್ರ ಬೇಕಾ ಅಂತ ಮೊದಲೇ ವಿಚಾರಿಸಿ. ಅನುಮಾನ ಇದ್ದರೆ 104 ಆರೋಗ್ಯ ಸಹಾಯವಾಣಿಗೆ ಫೋನ್ ಮಾಡಿ.

ಕೆಲಸ ಕೆಡುವುದು ಸಾಮಾನ್ಯವಾಗಿ ಹೆಸರಿನಲ್ಲಿ. ಆಧಾರ್‌ನಲ್ಲಿ ‘ಮುನಿಯಮ್ಮ’, ರೇಷನ್ ಕಾರ್ಡಿನಲ್ಲಿ ‘ಮುನೆಮ್ಮ’. ಇಲ್ಲವೇ ಅಪ್ಪನ ಹೆಸರು ದೊಡ್ಡ ಮಗನ ಕಾರ್ಡಿನಲ್ಲಿ, ಅಮ್ಮನದು ಚಿಕ್ಕವನ ಕಾರ್ಡಿನಲ್ಲಿ. ಬಯಾಪ್ಸಿ ರಿಪೋರ್ಟಿಗೆ ಕಾಯುವ ದಿನಗಳಲ್ಲೇ ಇದನ್ನು ಸರಿಮಾಡಿಸಿ. ಹಾಲಿನ ಸೊಸೈಟಿ ಸದಸ್ಯರಾಗಿದ್ದು ಯಶಸ್ವಿನಿ ಆರೋಗ್ಯ ಯೋಜನೆಗೆ ದುಡ್ಡು ಕಟ್ಟಿದ್ದರೆ ನಿಮ್ಮ ಆಪರೇಷನ್ ಅದರ ಪಟ್ಟಿಯಲ್ಲಿದೆಯಾ ನೋಡಿ. ಆಮೇಲೂ ಕೊರತೆ ಬಿದ್ದರೆ ಮುಖ್ಯಮಂತ್ರಿ ಪರಿಹಾರ ನಿಧಿಗೆ ಅರ್ಜಿ ಹಾಕಬಹುದು. ಚಿಕಿತ್ಸೆಗೆ ಹೋಗುವ ಕ್ಯಾನ್ಸರ್ ರೋಗಿಗೂ ಜೊತೆಗಿರುವ ಒಬ್ಬರಿಗೂ ರೈಲಿನಲ್ಲಿ ರಿಯಾಯಿತಿ ಇದೆ, ಅದರ ನಮೂನೆಗೆ ಆಸ್ಪತ್ರೆಯ ಸಹಿ ಬೇಕು.

ಆಪರೇಷನ್

ಅಪ್ಪನೋ ಅಮ್ಮನೋ ತಗೊಳ್ಳುವ ಎಲ್ಲ ಮಾತ್ರೆಗಳನ್ನೂ ಒಂದು ಕವರಿನಲ್ಲಿ ಹಾಕಿ ಡಾಕ್ಟರಿಗೆ ತೋರಿಸಿ. ರಕ್ತ ತೆಳುವಾಗುವ ಮಾತ್ರೆ, ಶುಗರ್ ಮಾತ್ರೆಗಳನ್ನು ಯಾವಾಗ ನಿಲ್ಲಿಸಬೇಕು ಅಂತ ಡಾಕ್ಟರೇ ಹೇಳಬೇಕು. ಬೀಡಿ ಇವತ್ತೇ ನಿಲ್ಲಲಿ. ಓಡಾಡುವ ಶಕ್ತಿ ಇದ್ದರೆ ದಿನಾ ನಡೆಯಲಿ.

ಸರ್ಜನ್‌ಗೆ ಅವರ ಮುಂದೆಯೇ ಕೇಳಿ: ‘ಹೊಟ್ಟೆಗೆ ಚೀಲ ಹಾಕ್ತೀರಾ? ಹಾಕಿದ್ರೆ ಸ್ವಲ್ಪ ದಿನಕ್ಕಾ, ಪರ್ಮನೆಂಟಾ?’ ಕರುಳಿನ ತುದಿಯನ್ನು ಹೊಟ್ಟೆ ಮೇಲೆ ತಂದು, ಮಲ ತುಂಬಿಕೊಳ್ಳಲು ಅಲ್ಲಿ ಅಂಟಿಸುವ ಚೀಲ ಇದು. ಕೋಲನ್ ಆಪರೇಷನ್ ಆದ ಎಲ್ಲರಿಗೂ ಚೀಲ ಬೇಕಾಗುವುದಿಲ್ಲ. ಆದರೆ ಎಚ್ಚರವಾದ ಮೇಲೆ ಹೊಟ್ಟೆ ಮೇಲೆ ಚೀಲ ನೋಡಿ ಗೊತ್ತಾಗುವುದು ಯಾರಿಗೂ ಬೇಡ.

ಆಪರೇಷನ್ ಮರುದಿನವೇ ಎಬ್ಬಿಸಿ ನಡೆಸುತ್ತಾರೆ. ‘ಪಾಪ, ಮಲಗಲಿ ಬಿಡಿ’ ಅನ್ನಬೇಡಿ, ನಡೆದಷ್ಟೂ ಕರುಳು ಬೇಗ ಕೆಲಸ ಶುರು ಮಾಡುತ್ತದೆ, ಕಾಲಿನಲ್ಲಿ ರಕ್ತ ಹೆಪ್ಪುಗಟ್ಟುವ ಅಪಾಯವೂ ಕಡಿಮೆ. ಗ್ಯಾಸ್ ಹೋಯಿತಾ ಅಂತ ನರ್ಸ್ ದಿನಾ ಕೇಳುತ್ತಾರೆ, ನಾಚದೆ ಹೇಳಲಿ. ಮನೆಗೆ ಬಂದ ಮೇಲೆ ಜ್ವರ, ಹೊಟ್ಟೆನೋವು ಏರುವುದು, ಗಾಯದಲ್ಲಿ ಕೀವು, ಒಂದೇ ಕಾಲು ಊದುವುದು ಕಂಡರೆ ಕೂಡಲೇ ಆಸ್ಪತ್ರೆಗೆ.

ಲ್ಯಾಬ್ ರಿಪೋರ್ಟ್ ಬಂದಾಗ ಎರಡು ವಿಷಯ ನೋಡಿ. ಎಷ್ಟು ದುಗ್ಧ ಗ್ರಂಥಿಗಳನ್ನು ಪರೀಕ್ಷೆ ಮಾಡಿದ್ದಾರೆ? ಕನಿಷ್ಠ 12 ಇರಬೇಕು ಅನ್ನುವುದು ಒಪ್ಪಿತ ಅಳತೆ. ಎಂಎಂಆರ್ ಪರೀಕ್ಷೆ ಆಗಿದೆಯಾ? ಕಾಯಿಲೆ ವಂಶದಲ್ಲಿ ಬಂದಿರಬಹುದಾ ಅನ್ನುವ ಸುಳಿವು, ಯಾವ ಔಷಧಿ ಕೆಲಸ ಮಾಡಬಹುದು ಅನ್ನುವ ಸುಳಿವು ಎರಡೂ ಅದರಲ್ಲಿರುತ್ತದೆ.

ಚೀಲ ಇದ್ದರೆ

ಡಿಸ್ಚಾರ್ಜ್‌ಗೆ ಮುಂಚೆ ನರ್ಸ್ ಚೀಲ ಬದಲಿಸುವಾಗ ನಿಂತು ನೋಡಿ. ಆಮೇಲೆ ಅವರೆದುರೇ ನೀವು ಒಂದು ಸಲ ಮಾಡಿ. ಸಾಧ್ಯವಾದರೆ ಅಪ್ಪ ಅಥವಾ ಅಮ್ಮನೇ ಮಾಡಲಿ. ಎಲ್ಲದಕ್ಕೂ ಸೊಸೆಯನ್ನು ಕರೆಯಬೇಕು ಅನ್ನುವುದು ಅವರಿಗೂ ಮುಜುಗರ, ಸೊಸೆಗೂ ಭಾರ.

ಕ್ರಮ ಹೀಗೆ. ಮೂರನೇ ಒಂದು ಭಾಗ ತುಂಬಿದಾಗಲೇ ಖಾಲಿ ಮಾಡಿ, ಪೂರ್ತಿ ತುಂಬಿದರೆ ಭಾರಕ್ಕೆ ಕಿತ್ತುಬರುತ್ತದೆ. ಚೀಲವನ್ನು ಹೊಟ್ಟೆಗೆ ಹಿಡಿದಿಡುವ ಅಂಟಿನ ತಟ್ಟೆ ಬದಲಿಸುವಾಗ ನಿಧಾನಕ್ಕೆ ಮೇಲಿನಿಂದ ಕೆಳಗೆ ಬಿಡಿಸಿ. ಬೆಚ್ಚಗಿನ ನೀರು, ಮೆತ್ತಗಿನ ಬಟ್ಟೆ ಸಾಕು. ಡೆಟಾಲ್, ಎಣ್ಣೆ, ಪೌಡರ್ ಬೇಡ. ಚರ್ಮ ಪೂರ್ತಿ ಒಣಗಲಿ. ತಟ್ಟೆಯ ತೂತನ್ನು ಸ್ಟೋಮಾದ (ಹೊಟ್ಟೆ ಮೇಲೆ ಕಾಣುವ ಕರುಳಿನ ತುದಿ) ಅಳತೆಗಿಂತ ಎರಡು ಮೂರು ಮಿಲಿಮೀಟರ್ ಮಾತ್ರ ದೊಡ್ಡದಾಗಿ ಕತ್ತರಿಸಿ. ಜಾಸ್ತಿ ಬಿಟ್ಟರೆ ಮಲ ತಾಗಿ ಚರ್ಮ ಸುಡುತ್ತದೆ. ಅಂಟಿಸಿದ ಮೇಲೆ ಅಂಗೈಯನ್ನು ಒಂದೆರಡು ನಿಮಿಷ ಮೇಲಿಟ್ಟು ಒತ್ತಿ ಹಿಡಿಯಿರಿ, ಮೈ ಬಿಸಿಗೆ ಅಂಟು ಚೆನ್ನಾಗಿ ಕೂರುತ್ತದೆ.

ಸ್ಟೋಮಾ ಕೆಂಪಗೆ, ತೇವವಾಗಿ, ಬಾಯೊಳಗಿನ ಬಣ್ಣದಲ್ಲಿರಬೇಕು. ಕಪ್ಪಗೋ ನೀಲಿಗೋ ತಿರುಗಿದರೆ ತಡಮಾಡದೆ ಆಸ್ಪತ್ರೆಗೆ. ಸಣ್ಣ ಕರುಳಿನ ಚೀಲ, ಅಂದರೆ ಇಲಿಯೋಸ್ಟಮಿ ಆಗಿದ್ದರೆ ನೀರು, ಉಪ್ಪು ಬೇಗ ಹೊರಟುಹೋಗುತ್ತದೆ, ಓಆರ್‌ಎಸ್ ಮನೆಯಲ್ಲಿರಲಿ.

ಪುಸ್ತಕಗಳಲ್ಲಿ ಸಿಗದ ತೊಂದರೆ ಒಂದಿದೆ, ಲಂಗದ ಲಾಡಿ. ಅಮ್ಮಂದಿರು ಸೀರೆ ಉಡುವಾಗ ಲಾಡಿ ಸರಿಯಾಗಿ ಸ್ಟೋಮಾ ಮೇಲೇ ಬಿಗಿಯುತ್ತದೆ. ಲಾಡಿಯನ್ನು ಮೇಲಕ್ಕೋ ಕೆಳಕ್ಕೋ ಸರಿಸಬೇಕು, ಅಥವಾ ಸೊಂಟಕ್ಕೆ ಅಗಲ ಎಲಾಸ್ಟಿಕ್ ಹಾಕಿಸಬೇಕು. ಆಪರೇಷನ್‌ಗೆ ಮುಂಚೆ ಜಾಗ ಗುರುತು ಮಾಡುವಾಗಲೇ ‘ಅಮ್ಮ ಸೀರೆ ಉಡೋದು ಇಲ್ಲಿಗೆ’ ಅಂತ ತೋರಿಸಿದರೆ ಇನ್ನೂ ಒಳ್ಳೇದು. ಅಪ್ಪನ ಪಂಚೆ ಗಂಟಿಗೂ ಇದೇ ಮಾತು. ನೀರಿನ ಬಿಂದಿಗೆ, ಹಾಲಿನ ಕ್ಯಾನು, ಟೊಮೆಟೊ ಕ್ರೇಟು ಎತ್ತುವುದು ಡಾಕ್ಟರ್ ಹೇಳುವವರೆಗೆ ಬೇಡ.

ಕಿಮೋ ದಿನಗಳು

ಸ್ಟೇಜ್ 3 ಆದರೆ ಆಪರೇಷನ್ ನಂತರ ಸಾಮಾನ್ಯವಾಗಿ ಮೂರರಿಂದ ಆರು ತಿಂಗಳು ಕಿಮೋ. ಹೆಚ್ಚಾಗಿ ಕೊಡುವ ಒಂದು ಬಗೆಗೆ ಕೇಪಾಕ್ಸ್ ಅನ್ನುತ್ತಾರೆ. ಮೊದಲ ದಿನ ಆಸ್ಪತ್ರೆಯಲ್ಲಿ ಆಕ್ಸಾಲಿಪ್ಲಾಟಿನ್ ಡ್ರಿಪ್, ಆಮೇಲೆ 14 ದಿನ ಮನೆಯಲ್ಲಿ ಕ್ಯಾಪೆಸಿಟಾಬಿನ್ ಮಾತ್ರೆ, ಬೆಳಗ್ಗೆ ಸಂಜೆ ಊಟವಾದ ಅರ್ಧ ಗಂಟೆಯೊಳಗೆ. ನಂತರ 7 ದಿನ ಬಿಡುವು. ಗೋಡೆ ಕ್ಯಾಲೆಂಡರಿನಲ್ಲಿ ಮಾತ್ರೆಯ ದಿನಗಳಿಗೆ ಕೆಂಪು ಪೆನ್ನಲ್ಲಿ ಗುರುತು ಹಾಕಿ. ಒಂದು ಡೋಸ್ ಮರೆತರೆ ಮುಂದಿನ ಸಲ ಎರಡು ಕೊಡಬೇಡಿ.

ಆಕ್ಸಾಲಿಪ್ಲಾಟಿನ್ ತಗೊಂಡವರಿಗೆ ಕೆಲವು ದಿನ ತಣ್ಣಗಿರುವುದು ಯಾವುದೂ ಆಗುವುದಿಲ್ಲ. ತಣ್ಣೀರು ಮುಟ್ಟಿದರೆ ಬೆರಳಿಗೆ ಕರೆಂಟ್ ಹೊಡೆದ ಹಾಗೆ, ಕುಡಿದರೆ ಗಂಟಲು ಹಿಡಿದ ಹಾಗೆ ಆಗುತ್ತದೆ. ಕೋಲಾರದ ಧನುರ್ಮಾಸದ ಚಳಿಯಲ್ಲಿ ಬರಿಗಾಲಲ್ಲಿ ಅಂಗಳಕ್ಕೆ ನೀರು ಹಾಕುವುದು, ಸ್ಟೀಲ್ ಕ್ಯಾನ್ ಹಿಡಿದು ಡೇರಿಗೆ ಹೋಗುವುದು ಎರಡೂ ಬೇಡ. ಬಿಸಿನೀರು, ಕಾಲುಚೀಲ, ಕೈಗೆ ಉಣ್ಣೆಯ ಗ್ಲೌಸ್. ಫ್ರಿಜ್ ಬಾಗಿಲು ಬೇರೆಯವರು ತೆಗೆಯಲಿ.

ಡೋಸುಗಳು ಕಳೆದಂತೆ ಈ ಜೋಮು ಚಳಿ ಇಲ್ಲದಾಗಲೂ ಉಳಿಯಬಹುದು. ಅಮ್ಮನಿಗೆ ರಂಗೋಲಿ ಪುಡಿ ಬೆರಳ ಸಂದಿಯಿಂದ ಗೆರೆಯಾಗಿ ಬಿಡಲು ಆಗುತ್ತಿರಲಿಲ್ಲ, ಮುದ್ದೆ ಮುದ್ದೆಯಾಗಿ ಬೀಳುತ್ತಿತ್ತು. ರವಿಕೆಯ ಹುಕ್ಕು ಹಾಕಲು ಆಗದಿರುವುದೂ ಅದೇ ಲಕ್ಷಣ. ಇದನ್ನು ‘ವಯಸ್ಸಾಯ್ತಲ್ಲ’ ಅಂತ ಬಿಡಬೇಡಿ. ಮುಂದಿನ ಡೋಸ್‌ಗೆ ಮುಂಚೆ ಡಾಕ್ಟರಿಗೆ ಹೇಳಿದರೆ ಔಷಧಿ ಕಡಿಮೆ ಮಾಡುತ್ತಾರೆ ಅಥವಾ ನಿಲ್ಲಿಸುತ್ತಾರೆ. ಮುಚ್ಚಿಟ್ಟರೆ ನರದ ತೊಂದರೆ ಹಾಗೇ ಉಳಿದುಬಿಡಬಹುದು.

ಮಾತ್ರೆಯಿಂದ ಅಂಗೈ, ಅಂಗಾಲು ಕೆಂಪಾಗಿ ಉರಿಯಬಹುದು, ಸಿಪ್ಪೆ ಏಳಬಹುದು. ಮಾಯಿಶ್ಚರೈಸರ್ ಹಚ್ಚಿ, ಮೆತ್ತನೆ ಚಪ್ಪಲಿ ಹಾಕಿಸಿ. ದಿನಕ್ಕೆ ಮಾಮೂಲಿಗಿಂತ ನಾಲ್ಕು ಸಲವೋ ಅದಕ್ಕೂ ಹೆಚ್ಚೋ ಜಾಸ್ತಿ ಬೇಧಿಯಾದರೆ ಅಥವಾ ಬಾಯಿ ಹುಣ್ಣಿನಿಂದ ಊಟ ಮಾಡಲಾಗದಿದ್ದರೆ ಮಾತ್ರೆ ಮುಂದುವರಿಸುವ ಮುಂಚೆ ಆಸ್ಪತ್ರೆಗೆ ಫೋನ್ ಮಾಡಿ.

ಎಲ್ಲಕ್ಕಿಂತ ಮುಖ್ಯ ಜ್ವರ. ಥರ್ಮಾಮೀಟರ್ ಇವತ್ತೇ ತನ್ನಿ. 100.4 ಡಿಗ್ರಿ ಫ್ಯಾರನ್‌ಹೀಟ್ ಮುಟ್ಟಿದರೆ ಅದು ಎಮರ್ಜೆನ್ಸಿ. ಬಿಳಿ ರಕ್ತಕಣ ಕಡಿಮೆಯಾಗಿರುವಾಗ ಸೋಂಕು ಗಂಟೆಗಳಲ್ಲಿ ಏರುತ್ತದೆ. ಒಂದು ಡೋಲೋ ಕೊಟ್ಟು ಬೆಳಗ್ಗೆ ನೋಡೋಣ ಅನ್ನುವುದು ಇಲ್ಲಿ ನಡೆಯುವುದಿಲ್ಲ. ರಾತ್ರಿ ಹೊತ್ತು ಯಾವ ಆಸ್ಪತ್ರೆಗೆ, ಯಾರ ಗಾಡಿಯಲ್ಲಿ ಅನ್ನುವುದನ್ನು ಮೊದಲೇ ಮಾತಾಡಿಕೊಳ್ಳಿ, ಇಲ್ಲದಿದ್ದರೆ 108. ಎಮರ್ಜೆನ್ಸಿಯಲ್ಲಿ ಬಾಯಿಂದ ಬರುವ ಮೊದಲ ಮಾತು ‘ಕಿಮೋ ನಡೀತಿದೆ’ ಅಂತ ಇರಲಿ.

ಊಟ, ನಾಟಿ ಔಷಧಿ, ಸಲಹೆ ಕೊಡುವವರು

‘ಮುದ್ದೆ ಯಾವಾಗ ತಿನ್ನಬಹುದು?’ ಕೋಲಾರದವರ ಪ್ರಶ್ನೆ ಇದೇ ಅಲ್ವಾ. ಆಪರೇಷನ್ ಆದ ಮೊದಲ ಕೆಲವು ವಾರ ನಾರು ಕಡಿಮೆ ಇರುವುದೇ ಬೇಕು. ಮೆತ್ತನೆ ಅನ್ನ, ತಿಳಿಸಾರು, ಇಡ್ಲಿ, ಮೊಸರು, ಮೊಟ್ಟೆ. ಅವರೆಕಾಳು, ಹುರುಳಿ, ದಂಟಿನ ಸೊಪ್ಪು, ಹಲಸು ಆಮೇಲೆ ನೋಡೋಣ. ಡಾಕ್ಟರ್ ಸರಿ ಅಂದ ಮೇಲೆ ರಾಗಿಯನ್ನು ಸೋಸಿದ ತೆಳು ಗಂಜಿಯಿಂದ ಶುರು ಮಾಡಿ, ನಿಧಾನಕ್ಕೆ ಮುದ್ದೆಗೆ ಬನ್ನಿ. ದಿನಕ್ಕೆ ಮೂರು ದೊಡ್ಡ ಊಟದ ಬದಲು ಐದಾರು ಸಲ ಸ್ವಲ್ಪ ಸ್ವಲ್ಪ. ಸಕ್ಕರೆ ಬಿಟ್ಟರೆ ಕ್ಯಾನ್ಸರ್ ಸಾಯುತ್ತದೆ, ಹಾಲು ಬಿಟ್ಟರೆ ಸಾಯುತ್ತದೆ ಅಂತ ವಾಟ್ಸಾಪಿನಲ್ಲಿ ಬರುವುದನ್ನೆಲ್ಲ ಪಾಲಿಸಿದರೆ ತೂಕ ಇಳಿಯುತ್ತದೆ, ತೂಕ ಇಳಿದರೆ ಮೈ ಕಿಮೋವನ್ನು ತಡೆದುಕೊಳ್ಳುವುದಿಲ್ಲ.

ಮಲೆನಾಡಿನ ಕಡೆ ನಾಟಿ ಔಷಧಿ ಕೊಡುತ್ತಾರೆ, ಒಂದು ಸಲ ಹೋಗಿ ಬನ್ನಿ ಅನ್ನುವವರು ಬಂದೇ ಬರುತ್ತಾರೆ. ಅಪ್ಪನಿಗೆ ಅದರ ಮೇಲೆ ನಂಬಿಕೆ ಇದ್ದರೆ ಬೈಯಬೇಡಿ, ಬೈದರೆ ಕದ್ದು ಕುಡಿಯುತ್ತಾರೆ. ಡಾಕ್ಟರಿಗೆ ಹೇಳದೆ ಏನೂ ತಗೊಳ್ಳಬಾರದು, ಅದಕ್ಕಾಗಿ ಆಪರೇಷನ್ನೋ ಕಿಮೋನೋ ಮುಂದೂಡಬಾರದು ಅನ್ನುವ ಎರಡು ಗೆರೆ ಮಾತ್ರ ದಾಟಲು ಬಿಡಬೇಡಿ. ದೇವಸ್ಥಾನದ ಹರಕೆಗೆ ಯಾರ ಅಡ್ಡಿಯೂ ಇಲ್ಲ.

ಅಣ್ಣ ತಮ್ಮ ಅಕ್ಕ ತಂಗಿ

ಡಾಕ್ಟರ ಹತ್ತಿರ ಮಾತಾಡುವವರು ಒಬ್ಬರೇ ಇರಲಿ, ಉಳಿದವರಿಗೆ ಅವರೇ ಗುಂಪಿನಲ್ಲಿ ವಾಯ್ಸ್ ಮೆಸೇಜ್ ಹಾಕಲಿ. ಖರ್ಚಿಗೆ ಒಂದು ನೋಟ್‌ಬುಕ್, ಬಸ್ ಚಾರ್ಜಿನಿಂದ ಹಿಡಿದು ಎಲ್ಲ ಬರೆಯಿರಿ. ದುಡ್ಡು ಕೊಡಲಾಗದ ತಮ್ಮ ರಾತ್ರಿ ಆಸ್ಪತ್ರೆಯಲ್ಲಿ ಮಲಗಬಹುದು, ದೂರದಲ್ಲಿರುವ ಅಕ್ಕ ಪ್ರತಿ ದಿನ ಫೋನಿನಲ್ಲಿ ಅಮ್ಮನ ಜೊತೆ ಮಾತಾಡಬಹುದು. ಮನೆಯಲ್ಲಿ ಹೊತ್ತು ಹೊತ್ತಿಗೆ ಬೇಯಿಸಿ, ಬಟ್ಟೆ ಒಗೆದು, ಚೀಲ ಖಾಲಿ ಮಾಡುವವರು ಯಾರು ಅಂತ ಒಮ್ಮೆ ನೋಡಿ. ಸಾಮಾನ್ಯವಾಗಿ ಸೊಸೆ, ಅವಳ ಹೆಸರು ಯಾವ ಲೆಕ್ಕದಲ್ಲೂ ಇರುವುದಿಲ್ಲ. ವಾರಕ್ಕೊಂದು ದಿನ ಅವಳಿಗೆ ಬಿಡುವು ಸಿಗುವ ಹಾಗೆ ಪಾಳಿ ಹಾಕಿ.

ಚಿಕಿತ್ಸೆ ಮುಗಿದ ಮೇಲೆ, ಅಥವಾ ಚಿಕಿತ್ಸೆ ಕೆಲಸ ಮಾಡದಿದ್ದರೆ

ಕಿಮೋ ಮುಗಿದರೂ ಸಾಮಾನ್ಯವಾಗಿ ಐದು ವರ್ಷ ತಪಾಸಣೆ ಇರುತ್ತದೆ. ಮೊದಲ ಎರಡು ವರ್ಷ ಮೂರರಿಂದ ಆರು ತಿಂಗಳಿಗೊಮ್ಮೆ ಸಿಇಎ, ಆಗಾಗ ಸಿಟಿ, ಆಪರೇಷನ್ ಆದ ವರ್ಷಕ್ಕೆ ಮತ್ತೆ ಕೊಲೊನೋಸ್ಕೋಪಿ. ‘ಈಗ ಚೆನ್ನಾಗಿದೀನಲ್ಲ’ ಅಂತ ತಪ್ಪಿಸಿಕೊಳ್ಳಲು ನೋಡುತ್ತಾರೆ, ತಾರೀಕು ನೀವು ನೆನಪಿಡಿ.

ಸ್ಟೇಜ್ 4 ಅಂದಕೂಡಲೇ ಎಲ್ಲ ಮುಗಿಯಿತು ಅಂತಲ್ಲ. ಲಿವರಿನಲ್ಲಿ ಒಂದೆರಡು ಗಡ್ಡೆ ಮಾತ್ರ ಇದ್ದರೆ ಕೆಲವರಿಗೆ ಅದನ್ನೂ ಆಪರೇಷನ್ ಮಾಡಿ ತೆಗೆಯಬಹುದು, ಕೇಳಿ ನೋಡಿ. ಇನ್ನು ಔಷಧಿ ಕೆಲಸ ಮಾಡುವುದಿಲ್ಲ ಅಂತ ಡಾಕ್ಟರ್ ಹೇಳುವ ದಿನ ಬಂದರೆ ನೋವಿಗೆ ಚಿಕಿತ್ಸೆ ಕೇಳಿ ಪಡೆಯಿರಿ. ಮಾರ್ಫಿನ್ ಹೆಸರಿಗೆ ಹೆದರಬೇಡಿ, ಸರಿಯಾಗಿ ಕೊಟ್ಟರೆ ನೋವಿಲ್ಲದೆ ನಿದ್ದೆ ಬರುತ್ತದೆ, ಮಾತಾಡಲು ಆಗುತ್ತದೆ. ಬೆಂಗಳೂರಿನಲ್ಲಿ ಮಾರತಹಳ್ಳಿ ಹತ್ತಿರ ಇರುವ ಕರುಣಾಶ್ರಯದಲ್ಲಿ ಇಂಥ ರೋಗಿಗಳನ್ನು ದುಡ್ಡು ತೆಗೆದುಕೊಳ್ಳದೆ ನೋಡಿಕೊಳ್ಳುತ್ತಾರೆ. ಕೊನೆಯ ದಿನಗಳು ಮನೆಯಲ್ಲೋ ಆಸ್ಪತ್ರೆಯಲ್ಲೋ ಅನ್ನುವುದನ್ನು ಅವರ ಬಾಯಿಂದಲೇ ಕೇಳಿ ತಿಳಿದುಕೊಳ್ಳಿ, ಅದಕ್ಕೆ ಶಕ್ತಿ ಇರುವಾಗಲೇ.

ನಿಮ್ಮ ಕರುಳು

ಅಪ್ಪನಿಗೋ ಅಮ್ಮನಿಗೋ ಈ ಕಾಯಿಲೆ ಬಂದಿದ್ದರೆ ಮಕ್ಕಳಿಗೆ ಅಪಾಯ ಬೇರೆಯವರಿಗಿಂತ ಜಾಸ್ತಿ. 40ನೇ ವಯಸ್ಸಿಗೆ, ಅಥವಾ ಅವರಿಗೆ ಕಾಯಿಲೆ ಗೊತ್ತಾದ ವಯಸ್ಸಿಗಿಂತ 10 ವರ್ಷ ಮುಂಚೆ, ಇವೆರಡರಲ್ಲಿ ಯಾವುದು ಮೊದಲು ಬರುತ್ತದೋ ಆಗ ಕೊಲೊನೋಸ್ಕೋಪಿ ಮಾಡಿಸಬೇಕು. ಅವರಿಗೆ 48ರಲ್ಲಿ ಗೊತ್ತಾಗಿದ್ದರೆ ನಿಮಗೆ 38ಕ್ಕೆ. ಕರುಳಿನೊಳಗಿನ ಸಣ್ಣ ಪಾಲಿಪ್ (ಗೋಡೆಯಿಂದ ಬೆಳೆಯುವ ಮಾಂಸದ ಗಂಟು) ಕ್ಯಾನ್ಸರ್ ಆಗಲು ಸಾಮಾನ್ಯವಾಗಿ ವರ್ಷಗಳೇ ಬೇಕು, ಅಷ್ಟರೊಳಗೆ ಕಂಡರೆ ಅದೇ ಪರೀಕ್ಷೆಯಲ್ಲೇ ಕತ್ತರಿಸಿ ತೆಗೆಯುತ್ತಾರೆ. ಎಂಎಂಆರ್ ರಿಪೋರ್ಟಿನಲ್ಲಿ ವಂಶದ ಸುಳಿವು ಇದ್ದರೆ ಇನ್ನೂ ಬೇಗ ಬೇಕಾಗಬಹುದು. ಹೋಗುವಾಗ ಅವರ ಬಯಾಪ್ಸಿ ಮತ್ತು ಎಂಎಂಆರ್ ರಿಪೋರ್ಟಿನ ಜೆರಾಕ್ಸ್ ತಗೊಂಡು ಹೋಗಿ. ಮದುವೆಯಾಗಿ ಬೇರೆ ಊರಲ್ಲಿರುವ ಅಕ್ಕ ತಂಗಿಯರಿಗೂ ಒಂದೊಂದು ಪ್ರತಿ ಕಳಿಸಿ.